ಒಂದೇ ಹಾಪ್ಸ್‌ನ ಪೇಲ್ ಏಲ್: 60 ನಿಮಿಷ ಅಂದರೆ ಯಾವಾಗ?

ನನ್ನ ಜೊತೆ ಬ್ರೂಯಿಂಗ್ ಕೋರ್ಸ್ ಓದುತ್ತಿರುವವರಿಗೆ ಈ ಟಿಪ್ಪಣಿ. ರಜೆಗೆ ಹಾಸನದ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಎರಡು ಸಲ ಪೇಲ್ ಏಲ್ ಅನ್ನೋ ಬಿಯರ್‌ನ ವರ್ಟ್, ಅಂದರೆ ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಿಹಿ ರಸ, ಕಹಿ ಮತ್ತು ಘಮ ಕೊಡುವ ಹಾಪ್ಸ್ ಹೂ ಹಾಕಿ ಕುದಿಸಿ ನೋಡಿದೆ. ಮೊದಲ ಸಲ ತಪ್ಪಿತು. ಯಾಕೆ ಅನ್ನೋದು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವಂತಿಲ್ಲ, 1965ರ ಅಬಕಾರಿ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಹಾಗಾಗಿ ಮನೆಯಲ್ಲಿ ನಾನು ಮಾಡಿದ್ದು ಕುದಿಸುವ ಹಂತ ಮಾತ್ರ. ಈಸ್ಟ್ ಹಾಕಲಿಲ್ಲ. ರುಚಿ ನೋಡಿ ಅದೇ ದಿನ ಚೆಲ್ಲಿದೆ. ಈಸ್ಟ್ ಕೆಲಸವೆಲ್ಲ ಪ್ರಾಕ್ಟಿಕಲ್‌ನಲ್ಲಿ. ಹಾಪ್ಸ್ ಅರ್ಥ ಆಗೋದಕ್ಕೆ ಕುದಿಸುವ ಹಂತವೇ ಸಾಕು.

ಯಾಕೆ ಒಂದೇ ಹಾಪ್ಸ್

ಮೂರು ತಳಿ ಸೇರಿಸಿದರೆ ಯಾವ ಘಮ ಯಾವುದರದು ಅಂತ ಹೇಳೋಕೆ ಆಗಲ್ಲ. ಒಂದೇ ತಳಿ ಇದ್ದರೆ ಬದಲಾಗೋದು ಹಾಕುವ ಹೊತ್ತು ಮಾತ್ರ. ನಾನು ತಗೊಂಡಿದ್ದು ಕ್ಯಾಸ್ಕೇಡ್. ಅಮೆರಿಕದಲ್ಲಿ 1972ರಲ್ಲಿ ಬಿಡುಗಡೆಯಾದ ತಳಿ, ಅಮೆರಿಕನ್ ಪೇಲ್ ಏಲ್‌ಗೆ ಗುರುತು ಕೊಟ್ಟ ತಳಿ. ಪ್ಯಾಕೆಟ್ ಬಿಚ್ಚಿದರೆ ಚಕ್ಕೋತದ ಸಿಪ್ಪೆ ಹಿಂಡಿದ ಹಾಗೆ ವಾಸನೆ. ನನ್ನ ಪ್ಯಾಕೆಟ್ ಮೇಲೆ ಆಲ್ಫಾ ಆಮ್ಲ (ಕಹಿಯ ಮೂಲ) 6% ಅಂತ ಇತ್ತು.

10 ಲೀಟರ್‌ಗೆ ಲೆಕ್ಕ: ಪೇಲ್ ಮಾಲ್ಟ್ ಸುಮಾರು 2.4 ಕೆಜಿ, 66 ಡಿಗ್ರಿಯಲ್ಲಿ ಒಂದು ಗಂಟೆ ನೆನೆ, ವರ್ಟ್‌ನ ಸಾಂದ್ರತೆ 1.050 (ಬರೀ ನೀರು 1.000). ಮನೆಯಲ್ಲಿ ಎರಡೇ ಲೀಟರ್, ಅದೂ 260 ಗ್ರಾಂ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್‌ನಿಂದ (ವರ್ಟ್ ಒಣಗಿಸಿದ ಪುಡಿ). ಈ ಭಾಗದಲ್ಲಿ ನನಗೆ ತೊಂದರೆ ಆಗಲಿಲ್ಲ.

ನಾನು ಎಡವಿದ ಜಾಗ

ಹಾಪ್ಸ್ ಹಾಕುವ ಪಟ್ಟಿಯಲ್ಲಿ ಹೀಗಿತ್ತು (10 ಲೀಟರ್‌ಗೆ):
60 ನಿಮಿಷ – 15 ಗ್ರಾಂ
15 ನಿಮಿಷ – 10 ಗ್ರಾಂ
5 ನಿಮಿಷ – 25 ಗ್ರಾಂ

ನನ್ನ ಎರಡು ಲೀಟರ್‌ಗೆ ಇದರ ಐದನೇ ಒಂದು ಭಾಗ: 3, 2, 5 ಗ್ರಾಂ. ಕುದಿ ಬಂತು, ಫೋನಿನಲ್ಲಿ ಟೈಮರ್ ಒತ್ತಿದೆ. ಐದು ನಿಮಿಷ ಆದಾಗ 5 ಗ್ರಾಂ ಹಾಕಿದೆ. ಹದಿನೈದು ಆದಾಗ 2 ಗ್ರಾಂ. ಅರವತ್ತಾದಾಗ ಗ್ಯಾಸ್ ಆರಿಸಿ 3 ಗ್ರಾಂ. ಪೂರ್ತಿ ತಲೆಕೆಳಗು.

ಪಟ್ಟಿಯ ನಿಮಿಷ ಅಂದರೆ ಕುದಿ ಶುರುವಾಗಿ ಎಷ್ಟು ಹೊತ್ತಾಯಿತು ಅಂತಲ್ಲ. ಕುದಿ ಮುಗಿಯೋಕೆ ಇನ್ನೆಷ್ಟು ಹೊತ್ತಿದೆ ಅಂತ. "60 ನಿಮಿಷ" ಅಂದರೆ ಆ ಹಾಪ್ಸ್ ಅರವತ್ತು ನಿಮಿಷ ಕುದಿಯಬೇಕು, ಅಂದರೆ ಅದನ್ನೇ ಮೊದಲು ಹಾಕಬೇಕು. "5 ನಿಮಿಷ" ಅಂದರೆ ಇಳಿಸೋಕೆ ಐದು ನಿಮಿಷ ಇರುವಾಗ. ಗ್ಯಾಸ್ ಆರಿಸಿದ ಕ್ಷಣವೇ ಸೊನ್ನೆ. ಒಂದು ಗಂಟೆಯ ಕುದಿಯಲ್ಲಿ ಟೈಮರ್ 60ರಿಂದ ಇಳಿಯುತ್ತಾ ಬರಲಿ. ಆಗ ಪಟ್ಟಿಯ ಅಂಕಿ ಟೈಮರ್‌ನಲ್ಲಿ ಕಂಡ ಕೂಡಲೇ ಹಾಕಿದರೆ ಸಾಕು, ಕಳೆಯುವ ಲೆಕ್ಕ ಬೇಕಿಲ್ಲ.

ನನ್ನ ತಪ್ಪು ಹಿಡಿದವರು ಅಮ್ಮ. "ಘಮಕ್ಕೆ ಹಾಕೋದನ್ನ ಮೊದಲೇ ಹಾಕಿ ಗಂಟೆಗಟ್ಟಲೆ ಕುದಿಸ್ತಾರೇನೋ? ಸಾರಿಗೆ ಕೊತ್ತಂಬರಿ ಸೊಪ್ಪು ಇಳಿಸೋ ಮುಂಚೆ ತಾನೇ ಹಾಕೋದು" ಅಂದರು. ಪುಸ್ತಕದಲ್ಲಿ ನಾಲ್ಕು ಸಲ ಓದಿದ್ದು ಆಗ ತಲೆಗೆ ಹೋಯಿತು.

ಹಾಪ್ಸ್ ಒಳಗೆ ನಮಗೆ ಬೇಕಾದ್ದು ಎರಡು. ಆಲ್ಫಾ ಆಮ್ಲ ಹಾಗೇ ಇದ್ದರೆ ನೀರಿನಲ್ಲಿ ಸರಿಯಾಗಿ ಕರಗಲ್ಲ. ಕುದಿಯುತ್ತಾ ಅದರ ರಚನೆ ಬದಲಾಗಿ ಐಸೊ-ಆಲ್ಫಾ ಆಮ್ಲ ಆಗುತ್ತದೆ. ಅದು ಕರಗುತ್ತದೆ, ಕಹಿ ಕೊಡುತ್ತದೆ. ಇದಕ್ಕೆ ಹೊತ್ತು ಬೇಕು. ಘಮದ ಎಣ್ಣೆಗಳು ಇದಕ್ಕೆ ಉಲ್ಟಾ, ಆವಿ ಜೊತೆ ಹಾರಿಹೋಗುತ್ತವೆ. ಮೊದಲ ಸಲ ನಮ್ಮ ಮನೆಯೆಲ್ಲ ಚಕ್ಕೋತದ ಘಮ, ನನಗೆ ತುಂಬಾ ಖುಷಿ. ಆದರೆ ಮನೆಗೆ ಬಂದ ಘಮ ಪಾತ್ರೆಯಿಂದ ಹೋದ ಘಮ ಅಲ್ವಾ? ಡಿಕಾಕ್ಷನ್ ಕುದಿಸಿದರೆ ಕಾಫಿ ಕೆಡೋದೂ ಹೀಗೇ.

ಕಹಿಯ ಲೆಕ್ಕ, ನನ್ನ ಅಡ್ಡದಾರಿ

ಐಬಿಯು ಅಂದರೆ ಹೆಚ್ಚುಕಮ್ಮಿ ಒಂದು ಲೀಟರ್‌ನಲ್ಲಿ ಎಷ್ಟು ಮಿಲಿಗ್ರಾಂ ಐಸೊ-ಆಲ್ಫಾ ಆಮ್ಲ ಇದೆ ಅಂತ. ಸೂತ್ರ ನೋಡಿದರೆ ಗಾಬರಿ ಆಗುತ್ತದೆ. ಆದರೆ 10 ಲೀಟರ್‌ಗೆ ಒಂದು ಸುಲಭ ದಾರಿ ಇದೆ: ಗ್ರಾಂ ಗುಣಿಸು ಆಲ್ಫಾ ಅಂಕಿ. ಅಷ್ಟೇ. 15 ಗ್ರಾಂ, 6% ಅಂದರೆ 15 × 6 = 90. ಲೀಟರ್‌ಗೆ 90 ಮಿಲಿಗ್ರಾಂ ಆಲ್ಫಾ. ಸೊನ್ನೆಗಳೆಲ್ಲ ತಾವೇ ಹೊಡೆದುಹೋಗುತ್ತವೆ. 20 ಲೀಟರ್ ಆದರೆ ಬಂದದ್ದರಲ್ಲಿ ಅರ್ಧ.

ಆ 90 ಪೂರ್ತಿ ಕಹಿ ಆಗಲ್ಲ. ಟಿನ್ಸೆತ್ ಸೂತ್ರದ ಪ್ರಕಾರ 1.050 ವರ್ಟ್‌ನಲ್ಲಿ 60 ನಿಮಿಷ ಕುದಿದರೆ 0.23 ಪಾಲು, 30ಕ್ಕೆ 0.18, 15ಕ್ಕೆ 0.115, 5ಕ್ಕೆ 0.046. ಗಮನಿಸಿ: ಹೊತ್ತು ಅರ್ಧ ಆದರೂ ಕಹಿ ಅರ್ಧ ಆಗಿಲ್ಲ.

ಸರಿಯಾದ ಕ್ರಮ: 90 × 0.23 = 20.7. ಮಧ್ಯದ್ದು 10 × 6 = 60, ಅದರಿಂದ 60 × 0.115 = 6.9. ಕೊನೆಯದು 25 × 6 = 150, ಅದರಿಂದ 150 × 0.046 = 6.9. ಒಟ್ಟು 34.5.

ನನ್ನ ತಲೆಕೆಳಗಾದ ಕ್ರಮ: 25 ಗ್ರಾಂ ಲೆಕ್ಕದ್ದು 55 ನಿಮಿಷ ಕುದಿಯಿತು, 150 × 0.226 = 33.9. ಮಧ್ಯದ್ದು 45 ನಿಮಿಷ, 60 × 0.21 = 12.6. ಕೊನೆಗೆ ಹಾಕಿದ್ದು ಸೊನ್ನೆ. ಒಟ್ಟು 46.5.

ನನಗೆ ಜಾಸ್ತಿ ಯೋಚನೆ ಹಚ್ಚಿದ್ದು ಇದು: ಅಮೆರಿಕನ್ ಪೇಲ್ ಏಲ್‌ಗೆ ಹೇಳುವ ಮಿತಿ 30ರಿಂದ 50. ಎರಡೂ ಅದರೊಳಗೇ ಇವೆ! ಬರೀ ಐಬಿಯು ನೋಡಿದ್ದರೆ ನನ್ನ ತಪ್ಪು ನನಗೇ ಗೊತ್ತಾಗುತ್ತಿರಲಿಲ್ಲ. ಎರಡು ಲೋಟ ಪಕ್ಕದಲ್ಲಿಟ್ಟು ಕುಡಿದಾಗಲೇ ವ್ಯತ್ಯಾಸ ತಿಳಿದಿದ್ದು. ಮೊದಲನೆಯದು ಕಷಾಯದ ಹಾಗೆ, ಎರಡನೆಯದರಲ್ಲಿ ಮೂಗಿಗೆ ಮೊದಲು ಹಣ್ಣು, ಆಮೇಲೆ ನಾಲಿಗೆಗೆ ಕಹಿ.

ನಮ್ಮೂರಿನ ಕುದಿ

ಹಾಸನ ಸುಮಾರು 970 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯೋದು 97 ಡಿಗ್ರಿ ಹತ್ತಿರ. ಶಾಖ ಕಮ್ಮಿ ಆದರೆ ಆಲ್ಫಾ ಬದಲಾಗೋದೂ ನಿಧಾನ, ಹಾಗಾಗಿ ನಿಜವಾದ ಕಹಿ ಲೆಕ್ಕಕ್ಕಿಂತ ಸ್ವಲ್ಪ ಕಮ್ಮಿ ಬರುತ್ತದೆ. ಅದಕ್ಕೆ ಕುಕ್ಕರ್‌ನಲ್ಲಿ ಕುದಿಸೋಣ ಅನ್ನಿಸಬಹುದು. ಬೇಡವೇ ಬೇಡ. ವರ್ಟ್ ಹಾಲಿನ ಹಾಗೆ ಉಕ್ಕುತ್ತದೆ, ನೊರೆ ಹೋಗಿ ವಿಷಲ್ ತೂತು ಕಟ್ಟಿಕೊಳ್ಳುತ್ತದೆ. ಬೇಯಿಸಿದ ಜೋಳದ ವಾಸನೆ ಕೊಡುವ ಗಂಧಕದ ಅಂಶ ಹೊರಗೆ ಹೋಗೋಕೂ ಪಾತ್ರೆ ತೆರೆದೇ ಇರಬೇಕು.

ತೆರೆದ ಪಾತ್ರೆಯಲ್ಲಿ ನೀರು ಬೇಗ ಇಂಗುತ್ತದೆ. ನನಗೆ ಗಂಟೆಗೆ ಮುಕ್ಕಾಲು ಲೀಟರ್ ಹೋಯಿತು, ಎರಡನೇ ಸಲ 2.75 ಲೀಟರ್‌ನಿಂದ ಶುರು ಮಾಡಿದೆ. ಸೂತ್ರದ ಲೀಟರ್ ಕೊನೆಯಲ್ಲಿ ಉಳಿಯುವ ಲೀಟರ್.

ಡ್ರೈ ಹಾಪಿಂಗ್ ಬಗ್ಗೆ ಎರಡೇ ಮಾತು: ಹುದುಗು ಇಳಿದ ಮೇಲೆ ತಣ್ಣಗಿರುವ ಬಿಯರ್‌ಗೆ ಲೀಟರ್‌ಗೆ 3ರಿಂದ 5 ಗ್ರಾಂ ಹಾಪ್ಸ್, ಮೂರು ನಾಲ್ಕು ದಿನ. ಶಾಖ ಇಲ್ಲದ್ದರಿಂದ ಐಸೊ-ಆಲ್ಫಾ ಲೆಕ್ಕಕ್ಕೆ ಅದು ಸೇರಲ್ಲ.

ಮುಂದಿನ ರಜೆಗೆ ಸಿಟ್ರಾ ಅನ್ನೋ ಹಾಪ್ಸ್ ತಳಿ ಕುದಿಸಬೇಕು. ಅದರ ಆಲ್ಫಾ 12 ಇದ್ದರೆ ಮೊದಲಿಗೆ ಹಾಕುವ 15 ಗ್ರಾಂ ಜಾಗಕ್ಕೆ ಏಳೂವರೆ ಗ್ರಾಂ ಸಾಕು, 7.5 × 12 ಅಂದರೂ 90. ಕೊನೆಯ 25 ಗ್ರಾಂ ಮಾತ್ರ ಇಳಿಸಲ್ಲ, ಅದು ಘಮಕ್ಕೆ. ಅದರಿಂದ ಬರುವ ಕಹಿ ಎಷ್ಟು ಏರುತ್ತದೆ ಅಂತ ನೀವೂ ಒಮ್ಮೆ ಲೆಕ್ಕ ಹಾಕಿ ನೋಡಿ, ನನಗೆ 13.8 ಬಂತು.