ಕುಂಯ್‌ಗುಡುವುದು ಸ್ಟೀರಿಯೊ ಅಲ್ಲ

ಕಳೆದ ವಾರ ಮತ್ತೊಬ್ಬರು ಬಂದರು. ಏಳು ವರ್ಷದ ಕಾರು, ಒಂದು ಗೀರೂ ಬೀಳದಂತೆ ಇಟ್ಟುಕೊಂಡಿದ್ದಾರೆ. ಇಳಿಯುವ ಮೊದಲೇ ಹೇಳಿಬಿಟ್ಟರು: “ಕಂಪನಿ ಸೆಟ್ ಕೆಟ್ಟಿದೆ, ತೆಗೆದು ಬೇರೆಯದು ಹಾಕಿ.” ಏನಾಗುತ್ತಿದೆ ಎಂದು ಕೇಳಿದೆ. ಮೊಬೈಲನ್ನು, ಅದರ ಹಾಡನ್ನು ಸ್ಟೀರಿಯೊಗೆ ಒಯ್ಯುವ ಆಕ್ಸ್ ಕೇಬಲ್‌ಗೆ ಸಿಕ್ಕಿಸಿ ಹಾಡು ಹಾಕಿದರೆ ಹಿಂದಿನಿಂದ ಸೊಳ್ಳೆ ಕಿವಿಯ ಬಳಿ ಸುಳಿದಂತೆ ಕುಂಯ್ ಎನ್ನುತ್ತದೆ, ಆಕ್ಸಿಲರೇಟರ್ ಒತ್ತಿದರೆ ಸದ್ದೂ ಮೇಲೇರುತ್ತದೆ ಎಂದರು. ಎಂಜಿನ್ ಚಾಲೂ ಮಾಡಿಸಿ, ಕೈ ಚಾಚಿ, ಸಿಗರೇಟ್ ಲೈಟರ್ ಸಾಕೆಟ್‌ನಲ್ಲಿದ್ದ ಚಾರ್ಜರ್ ಕಿತ್ತೆ. ಸದ್ದು ನಿಂತಿತು. ಮತ್ತೆ ಸಿಕ್ಕಿಸಿದೆ, ಬಂತು. ಮೂರು ಸಲ ಮಾಡಿ ತೋರಿಸಿದೆ. ಅವರು ಎಲ್ಲವನ್ನೂ ನೋಡಿ, “ಆದರೂ ಸೆಟ್ ಬದಲಿಸಿಬಿಡಿ, ಒಂದು ಸಲಕ್ಕೆ ತಲೆನೋವು ಹೋಗಲಿ” ಎಂದರು.

ನಾನು ಬದಲಿಸಲಿಲ್ಲ. ಇಪ್ಪತ್ತೆರಡು ವರ್ಷದಿಂದ ಮೈಸೂರಿನಲ್ಲಿ ಕಾರಿನ ವೈರಿಂಗ್ ಮತ್ತು ಆಡಿಯೊ ಕೆಲಸ ಮಾಡುತ್ತಿದ್ದೇನೆ. ಹಾಡಿನ ಯಂತ್ರಗಳು ಬದಲಾದವು: ಮೊದಲು ವಾಕ್‌ಮನ್, ಆಮೇಲೆ ಎಂಪಿ3 ಪ್ಲೇಯರ್, ಐಪಾಡ್, ಈಗ ಮೊಬೈಲ್. ದೂರು ಮಾತ್ರ ಬದಲಾಗಿಲ್ಲ. ಏನೂ ಕೆಡದ ಸ್ಟೀರಿಯೊಗಳನ್ನು ಜನ ಕೀಳಿಸಿ ಬಿಸಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕಾಗಿ ಇದೊಂದನ್ನು ಬಿಡಿಸಿ ಹೇಳುತ್ತೇನೆ.

ಸದ್ದು ಹುಟ್ಟುವ ಜಾಗ ಆಲ್ಟರ್ನೇಟರ್. ಹಳಬರು ಡೈನಮೊ ಎನ್ನುತ್ತಾರೆ. ಎಂಜಿನ್ ನಿಂತಾಗ ಬ್ಯಾಟರಿ ಸುಮಾರು 12.6 ವೋಲ್ಟ್ ಕೊಡುತ್ತದೆ; ಎಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು 14ರ ಆಸುಪಾಸಿಗೆ ಏರಿಸುತ್ತದೆ. ಈ 14 ವೋಲ್ಟ್ ಬ್ಯಾಟರಿಯ ಕರೆಂಟಿನಂತೆ ನಯವಾದುದಲ್ಲ. ಒಳಗೆ ಹುಟ್ಟುವುದು ಮೂರು ಫೇಸಿನ ಏಸಿ ಕರೆಂಟು, ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ, ಮೇಲೆ ಸಣ್ಣ ಅಲೆಗಳು ಉಳಿದುಬಿಡುತ್ತವೆ. ಎಷ್ಟು ಅಲೆ ಎಂದು ಲೆಕ್ಕ ಹಾಕಬಹುದು. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ, ಪುಲ್ಲಿಯ ಅಳತೆಯಿಂದಾಗಿ ಆಲ್ಟರ್ನೇಟರ್ ಅದರ ಎರಡೂವರೆ ಪಟ್ಟು, ಅಂದರೆ 2,000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಒಳಗಿನ ಆಯಸ್ಕಾಂತಕ್ಕೆ 12 ಧ್ರುವಗಳಿದ್ದರೆ ಫೇಸಿಗೆ 12ರಂತೆ ಸುತ್ತಿಗೆ 36 ಅಲೆ. ಸೆಕೆಂಡಿಗೆ 1,200. ಇದು ಕಿವಿಗೆ ಚೆನ್ನಾಗಿ ಕೇಳುವ ಸ್ವರ. ಎಂಜಿನ್ 3,000ಕ್ಕೆ ಏರಿದರೆ ಅದು 4,500 ಆಗುತ್ತದೆ, ಸೊಳ್ಳೆ ಜೀರುಂಡೆಯಾಗುತ್ತದೆ. ಸದ್ದು ಆಕ್ಸಿಲರೇಟರ್ ಹಿಂದೆಯೇ ಹೋಗುವುದು ಇದಕ್ಕೆ. ಇಷ್ಟರ ಮಟ್ಟಿಗೆ ಎಲ್ಲ ಕಾರುಗಳಲ್ಲೂ ಇದೆ, ಇದು ರೋಗವಲ್ಲ.

ಹಾಗಾದರೆ ಅದು ಹಾಡಿನೊಳಗೆ ಹೇಗೆ ನುಸುಳಿತು? ಯಾರೂ ಕೇಳಿಸಿಕೊಳ್ಳದ ಭಾಗ ಇದು. ನಿಧಾನವಾಗಿ ಹೇಳುತ್ತೇನೆ.

ಕಾರಿನಲ್ಲಿ ಪ್ರತಿಯೊಂದು ಉಪಕರಣಕ್ಕೂ ಹೋಗಲು ಒಂದು ವೈರ್ ಇರುತ್ತದೆ, ಮರಳಿ ಬರಲು ಕಾರಿನ ಕಬ್ಬಿಣದ ಮೈಯೇ ದಾರಿ. ಅದನ್ನೇ ನಾವು ಬಾಡಿ ಅರ್ತ್ ಎನ್ನುತ್ತೇವೆ. ಹೆಡ್‌ಲೈಟ್, ಫ್ಯಾನ್, ಹಾರ್ನ್, ಎಲ್ಲದರ ಕರೆಂಟೂ ಆ ಮೈಯ ಮೂಲಕವೇ ಬ್ಯಾಟರಿಗೆ ಹಿಂತಿರುಗುತ್ತದೆ. ಮೈಯೆಲ್ಲ ಸೊನ್ನೆ ವೋಲ್ಟ್ ಎಂದು ಪುಸ್ತಕ ಹೇಳುತ್ತದೆ. ಮೀಟರ್ ಇಟ್ಟು ನೋಡಿದರೆ ಹಾಗಿರುವುದಿಲ್ಲ. ಡ್ಯಾಶ್‌ಬೋರ್ಡ್ ಹಿಂದಿನ ಬೋಲ್ಟಿಗೂ ಗೇರ್ ಬಳಿಯ ಸಾಕೆಟ್‌ನ ಅರ್ತಿಗೂ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಇರುತ್ತದೆ, ಅದು ಆಲ್ಟರ್ನೇಟರಿನ ಅಲೆಯೊಂದಿಗೆ ಕುಣಿಯುತ್ತಲೂ ಇರುತ್ತದೆ.

ಈಗ ನಿಮ್ಮ ಮೊಬೈಲನ್ನು ನೋಡಿ. ಆಕ್ಸ್ ಪಿನ್ನಿನ ತುದಿಯಲ್ಲಿ ಎಡಗಡೆಯ ಹಾಡು, ನಡುವಿನ ಉಂಗುರದಲ್ಲಿ ಬಲಗಡೆಯ ಹಾಡು, ಬುಡದ ಭಾಗದಲ್ಲಿ ಅರ್ತ್. ಆ ಬುಡದ ಮೂಲಕ ಮೊಬೈಲು ಸ್ಟೀರಿಯೊದ ಅರ್ತಿಗೆ ಸೇರಿತು. ಚಾರ್ಜರ್ ಸಿಕ್ಕಿಸಿದ ಕ್ಷಣ ಅದೇ ಮೊಬೈಲು ಸಾಕೆಟ್‌ನ ಅರ್ತಿಗೂ ಸೇರಿತು, ಏಕೆಂದರೆ ಕಾರಿನ ಸಾಮಾನ್ಯ ಚಾರ್ಜರುಗಳಲ್ಲಿ ಒಳಗಿನ ಅರ್ತ್, ಹೊರಗಿನ ಅರ್ತ್ ಎಂಬ ಭೇದವಿಲ್ಲ, ಎರಡೂ ಒಂದೇ ವೈರ್. ಒಂದೇ ಮೊಬೈಲಿಗೆ ಎರಡು ಅರ್ತ್. ಚಾರ್ಜರಿನ ಕರೆಂಟು ಮರಳಿ ಹೋಗಲು ಎರಡು ದಾರಿ ಕಂಡಿತು. ಒಂದು ಪಾಲು ತನ್ನ ದಾರಿಯಲ್ಲಿ ಹೋಗಿ, ಇನ್ನೊಂದು ಪಾಲು ಆಕ್ಸ್ ಕೇಬಲ್ಲಿನ ಕೂದಲೆಳೆಯಷ್ಟು ತೆಳ್ಳಗಿನ ಅರ್ತಿನಲ್ಲಿ ನುಗ್ಗುತ್ತದೆ. ಹಾಡು ಹೋಗಬೇಕಾದ ಗಲ್ಲಿಯಲ್ಲಿ ಲಾರಿ ನುಗ್ಗಿದಂತೆ.

ಸ್ಟೀರಿಯೊ ಪಾಪ ಏನು ಮಾಡೀತು? ಅದು ಹಾಡನ್ನು ಅಳೆಯುವುದೇ ಅರ್ತಿನಿಂದ ಎಷ್ಟು ಮೇಲಿದೆ ಎಂದು. ತೆಪ್ಪದಲ್ಲಿ ನಿಂತು ದಡದ ಮರದ ಎತ್ತರ ಅಳೆಯುವವನಿಗೆ ಮರವೇ ಏರಿಳಿದಂತೆ ಕಾಣುತ್ತದಲ್ಲ, ಹಾಗೆ. ಮರ ಅಲುಗುತ್ತಿಲ್ಲ, ಅಳೆಯುವವನ ಕಣ್ಣಿಗೂ ದೋಷವಿಲ್ಲ. ಮೊಬೈಲಿನಿಂದ ಬರುವ ಹಾಡು ಕೆಲವು ನೂರು ಮಿಲಿವೋಲ್ಟ್ ಇರಬಹುದು, ಆದರೆ ಆಲಾಪನೆಯ ಮೆಲುದನಿಯಲ್ಲಿ ಅದು ಎರಡು ಮೂರಕ್ಕೆ ಇಳಿಯುತ್ತದೆ. ಆಗ ಅರ್ತ್ ಒಂದು ಮಿಲಿವೋಲ್ಟ್ ಅಲುಗಿದರೂ ಸಾಕು, ಕುಂಯ್ ಎಂದು ಕೇಳುತ್ತದೆ. ಕೆಲವು ಕಾರುಗಳಲ್ಲಿ ಇಂಡಿಕೇಟರ್ ಹಾಕಿದಾಗ ಸ್ಪೀಕರಿನಲ್ಲೂ ಟಿಕ್ ಟಿಕ್ ಬರುವುದು ಇದೇ ಕಾರಣಕ್ಕೆ.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಬರುತ್ತದೆ: “ನಮ್ಮ ಭಾವನವರು ಸೆಟ್ ಬದಲಿಸಿದ ಮೇಲೆ ಸರಿಹೋಯಿತಲ್ಲ?” ಹೋಗಿರುತ್ತದೆ. ಹೊಸ ಸೆಟ್ಟಿನಲ್ಲಿ ಬ್ಲೂಟೂತ್ ಇರುತ್ತದೆ, ಅವರು ಆಕ್ಸ್ ಕೇಬಲ್ ಬಳಸುವುದನ್ನೇ ಬಿಟ್ಟಿರುತ್ತಾರೆ. ಕೇಬಲ್ ಹೋಯಿತು, ಎರಡನೆಯ ಅರ್ತ್ ಹೋಯಿತು, ಸದ್ದೂ ಹೋಯಿತು. ಹೊಸ ಸೆಟ್ಟಿಗೂ ಅದೇ ಕೇಬಲ್, ಅದೇ ಚಾರ್ಜರ್ ಹಾಕಿ ನೋಡಲಿ, ಬಹುಪಾಲು ಕಾರುಗಳಲ್ಲಿ ಸದ್ದು ಮರಳಿ ಬರುತ್ತದೆ. ಕಂಪನಿ ಸೆಟ್ ತೆಗೆಯುವುದು ಇಂದಿನ ಕಾರುಗಳಲ್ಲಿ ಸಣ್ಣ ಮಾತೂ ಅಲ್ಲ. ಸ್ಟೀರಿಂಗಿನ ಬಟನ್ನು, ಹಿಂದಿನ ಕ್ಯಾಮೆರಾ, ಎಷ್ಟೋ ಕಡೆ ಪಾರ್ಕಿಂಗ್ ಸೆನ್ಸರಿನ ಸದ್ದು, ಎಲ್ಲ ಅದರೊಂದಿಗೆ ಮಾತನಾಡುತ್ತಿರುತ್ತವೆ. ಕನೆಕ್ಟರ್ ಬಿಟ್ಟು ವೈರ್ ಕತ್ತರಿಸಿ ಜೋಡಿಸಿದರೆ ವಾರಂಟಿಯ ಪ್ರಶ್ನೆ ಬೇರೆ ಏಳುತ್ತದೆ.

ಇನ್ನು ಕೆಲವರು ತಾವೇ ಬ್ಲೂಟೂತ್ ರಿಸೀವರ್ ಕೊಂಡು, ಅದನ್ನು ಆಕ್ಸಿಗೆ ಸಿಕ್ಕಿಸಿ, ಅದಕ್ಕೆ ಕರೆಂಟನ್ನು ಅದೇ ಸಾಕೆಟ್ ಚಾರ್ಜರಿನಿಂದ ಕೊಡುತ್ತಾರೆ. ಆಮೇಲೆ “ವೈರ್‌ಲೆಸ್ ಮಾಡಿದರೂ ಸದ್ದು ಹೋಗಲಿಲ್ಲ, ಸೆಟ್ಟೇ ಕೆಟ್ಟಿದೆ” ಎಂದು ಬರುತ್ತಾರೆ. ಮೊಬೈಲಿನ ಜಾಗದಲ್ಲಿ ರಿಸೀವರ್ ಬಂದು ಕುಳಿತಿದೆ, ಅಷ್ಟೇ. ಎರಡು ಅರ್ತ್ ಹಾಗೆಯೇ ಇವೆ. ಒಳಗೆ ಬ್ಯಾಟರಿ ಇರುವ ರಿಸೀವರಾದರೆ ಚಾರ್ಜರಿನಿಂದ ಬಿಡಿಸಿ ಕೇಳಿ.

ಹಳೆಯ ಕ್ಯಾಸೆಟ್ ಅಡಾಪ್ಟರ್ ನೆನಪಿದೆಯೇ? ಕ್ಯಾಸೆಟ್ಟಿನ ಆಕಾರದ ಡಬ್ಬಿ, ಬದಿಯಿಂದ ಒಂದು ವೈರ್. ಕಾರಿನ ಕ್ಯಾಸೆಟ್ ಪ್ಲೇಯರಿಗೆ ತುರುಕಿದರೆ ವಾಕ್‌ಮನ್ ಹಾಡುತ್ತಿತ್ತು. ಧ್ವನಿ ಅಷ್ಟಕ್ಕಷ್ಟೇ, ಒಳಗಿನ ಚಕ್ರಗಳ ಕಿರಿಕಿರಿ ಬೇರೆ. ಆದರೆ ಅದರಿಂದ ಈ ಕುಂಯ್ ಬಂದದ್ದನ್ನು ನಾನು ಕೇಳಿದ ನೆನಪಿಲ್ಲ. ಡಬ್ಬಿಯಲ್ಲೊಂದು ಹೆಡ್, ಪ್ಲೇಯರಿನಲ್ಲೊಂದು ಹೆಡ್, ಹಾಡು ಒಂದರಿಂದ ಇನ್ನೊಂದಕ್ಕೆ ಆಯಸ್ಕಾಂತದ ಮೂಲಕ ದಾಟುತ್ತಿತ್ತು. ತಾಮ್ರಕ್ಕೆ ತಾಮ್ರ ತಾಗುತ್ತಲೇ ಇರಲಿಲ್ಲ. ಆ ಅಗ್ಗದ ಡಬ್ಬಿಯ ಮೇಲೆ ನನಗೆ ಇಂದಿಗೂ ಗೌರವ. ಮೊಬೈಲಿನ ಹಾಡನ್ನು ಕಾರಿನ ರೇಡಿಯೊಗೆ ತರಂಗದಲ್ಲಿ ಕಳಿಸುವ ಎಫ್ಎಂ ಟ್ರಾನ್ಸ್‌ಮಿಟರಿನಲ್ಲೂ ಕೇಬಲ್ ಇಲ್ಲದ್ದರಿಂದ ಈ ದಾರಿ ಇಲ್ಲ, ಆದರೆ ಅದರ ತೊಂದರೆಗಳು ಬೇರೆ: ಖಾಲಿ ತರಂಗ ಸಿಗಬೇಕು, ಊರು ದಾಟಿದರೆ ಬೇರೆ ಕೇಂದ್ರ ಮೈಮೇಲೆ ಬರುತ್ತದೆ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಬಾನುಲಿ ಆರಂಭಿಸಿ, ಆಕಾಶವಾಣಿ ಎಂಬ ಹೆಸರು ಕಂಡ ಊರು ನಮ್ಮದು. ಮೈಸೂರು ಆಕಾಶವಾಣಿ ಬರುವ 100.6ರ ಮೇಲೆ ಯಾರೂ ತಮ್ಮ ಟ್ರಾನ್ಸ್‌ಮಿಟರ್ ಕೂರಿಸದಿರಲಿ ಎಂಬುದು ನನ್ನ ವೈಯಕ್ತಿಕ ಕೋರಿಕೆ.

ಪರಿಹಾರ ಆ ಕ್ಯಾಸೆಟ್ ಡಬ್ಬಿಯ ತತ್ವವೇ. ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಬೆಂಕಿಪೊಟ್ಟಣದಷ್ಟು ಸಣ್ಣ ಸಾಧನ ಸಿಗುತ್ತದೆ, ಕೆಲವು ನೂರು ರೂಪಾಯಿ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್, ಎಡಕ್ಕೊಂದು ಬಲಕ್ಕೊಂದು. ಆಕ್ಸ್ ಕೇಬಲ್ ನಡುವೆ ಸಿಕ್ಕಿಸಿದರೆ ಹಾಡು ದಾಟುತ್ತದೆ, ಅರ್ತ್ ದಾಟುವುದಿಲ್ಲ. ಅದಕ್ಕೂ ಮೊದಲು ಖರ್ಚಿಲ್ಲದ ದಾರಿ ನೋಡಿ: ಸ್ಟೀರಿಯೊದಲ್ಲೇ ಯುಎಸ್‌ಬಿ ಕಿಂಡಿ ಇದ್ದರೆ ಮೊಬೈಲನ್ನು ಅದರಿಂದಲೇ ಚಾರ್ಜ್ ಮಾಡಿ. ಎರಡು ಅರ್ತುಗಳೂ ಒಂದೇ ಪೆಟ್ಟಿಗೆಯಲ್ಲಿ ಸೇರುವುದರಿಂದ ಸದ್ದು ಬಹಳಷ್ಟು ಇಳಿಯುತ್ತದೆ, ಹಲವು ಸಲ ಪೂರ್ತಿ ಹೋಗುತ್ತದೆ. ಅಥವಾ ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಬನ್ನಿ.

ಒಂದನ್ನು ಮಾತ್ರ ಮಾಡಬೇಡಿ. ಆಕ್ಸ್ ಕೇಬಲ್ಲಿನ ಅರ್ತ್ ಕತ್ತರಿಸಿದರೆ ಸದ್ದು ಹೋಗುತ್ತದೆ ಎಂದು ಯಾರೋ ಹೇಳಿಕೊಡುತ್ತಾರೆ. ಕಾಲೇಜು ಹುಡುಗನೊಬ್ಬ ಬ್ಲೇಡಿನಲ್ಲಿ ಹಾಗೆ ಮಾಡಿಕೊಂಡು ಬಂದಿದ್ದ. ಚಾರ್ಜರ್ ಇದ್ದಾಗ ಹಾಡು ಕಾರಿನ ಮೈ ಸುತ್ತಿ ಹೇಗೋ ಬರುತ್ತಿತ್ತು, ಕುಂಯ್ ಇನ್ನೂ ಜೋರಾಗಿ. ಚಾರ್ಜರ್ ತೆಗೆದರೆ ಹಾಡುಗಾರರ ದನಿಯೇ ಮಾಯವಾಗಿ ಎಲ್ಲೋ ಬಾವಿಯೊಳಗಿನ ಪಿಟೀಲು ಮಾತ್ರ ಕೇಳುತ್ತಿತ್ತು. ಎಡ ಬಲ ಎರಡರಲ್ಲೂ ಸಮನಾಗಿರುವುದೆಲ್ಲ ಒಂದಕ್ಕೊಂದು ಹೊಡೆದುಹೋಗಿ, ವ್ಯತ್ಯಾಸವಷ್ಟೇ ಉಳಿದಿತ್ತು. ಹುಡುಗ ಜಾಣ. ಕಾರಣ ಹೇಳಿದಾಗ ನನಗಿಂತ ಬೇಗ ಅದರ ಚಿತ್ರ ಬರೆದು ತೋರಿಸಿದ.

ಚಾರ್ಜರ್ ಕಿತ್ತರೂ ಸದ್ದು ಹೋಗದಿದ್ದರೆ, ರೇಡಿಯೊದಲ್ಲೂ ಅದೇ ಕುಂಯ್ ಇದ್ದರೆ, ಈವರೆಗೆ ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ. ಬ್ಯಾಟರಿಯ ಅರ್ತ್ ಬೋಲ್ಟ್ ಸಡಿಲವಿರಬಹುದು, ಟರ್ಮಿನಲ್ ಪಾಚಿಗಟ್ಟಿರಬಹುದು, ಆಲ್ಟರ್ನೇಟರಿನ ಒಂದು ಡಯೋಡ್ ಹೋಗಿರಬಹುದು. ಡಯೋಡ್ ಹೋಗಿದ್ದರೆ ಒಂದು ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೆಯೂ ಇದ್ದೀತು. ಎಲೆಕ್ಟ್ರಿಷಿಯನ್ ಬಳಿ ಬೇಗ ಹೋಗಿ. ಕಾರನ್ನು ನೋಡದೆ ನಾನು ಇದಕ್ಕಿಂತ ಹೆಚ್ಚು ಹೇಳಲಾರೆ.

ವಾಲ್ಯೂಮ್ ಬಗ್ಗೆ ಒಂದೇ ಮಾತು: ಮೊಬೈಲಿನದನ್ನು ಮುಕ್ಕಾಲಿಗೂ ಮೇಲೆ ಇಡಿ, ಹೆಚ್ಚು ಕಡಿಮೆ ಮಾಡುವುದನ್ನು ಸ್ಟೀರಿಯೊದಲ್ಲಿ ಮಾಡಿ. ತಲೆಕೆಳಗು ಮಾಡಿದರೆ ಸ್ಟೀರಿಯೊ ಹಾಡಿನ ಜೊತೆಗೆ ಕಸವನ್ನೂ ದೊಡ್ಡದು ಮಾಡುತ್ತದೆ.

ಈ ರೋಗವನ್ನು ನನಗಿಂತ ಚೆನ್ನಾಗಿ ವಿವರಿಸಿದವರು ಒಬ್ಬ ವೀಣೆ ಮೇಷ್ಟರು. ಎಪ್ಪತ್ತು ದಾಟಿದವರು, ಕೈಯಲ್ಲಿ ಹಳೆಯ ಐಪಾಡ್ ಕ್ಲಾಸಿಕ್. ಅದರಲ್ಲಿ ಅವರ ಗುರುಗಳ ಮನೆಯ ಪಾಠಗಳಿವೆ, ಕ್ಯಾಸೆಟ್ಟಿನಿಂದ ಮಗಳು ಇಳಿಸಿಕೊಟ್ಟದ್ದು. “ನೋಡಪ್ಪ, ಗಾಡಿ ನಿಂತಾಗ ಒಂದು ಸ್ವರ ಹಿಡಿದುಕೊಂಡಿರುತ್ತದೆ. ಹೊರಟರೆ ಜಾರು ಹಾಕಿಕೊಂಡು ಮೇಲಿನ ಷಡ್ಜ ದಾಟುತ್ತದೆ, ಗೇರ್ ಬದಲಿಸಿದರೆ ಪಂಚಮಕ್ಕೆ ಬಂದು ಕೂರುತ್ತದೆ. ತಂಬೂರಿಯ ಜೊತೆ ಸೇರುವುದೇ ಇಲ್ಲ” ಎಂದರು. ಬೇರೊಂದು ಅಂಗಡಿಯಲ್ಲಿ ಹದಿನೈದು ಸಾವಿರದ ಹೊಸ ಸೆಟ್ ಹಾಕಿಸಬೇಕು ಎಂದಿದ್ದರಂತೆ.

ಐಸೊಲೇಟರ್ ಹಾಕಿ ಎಂಜಿನ್ ಚಾಲೂ ಮಾಡಿದೆ. ಸದ್ದಿಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು. ಮುಖ ಅರಳುತ್ತದೆ ಎಂದು ಕಾಯುತ್ತಿದ್ದೆ. “ಕುಂಯ್ ಹೋಯಿತಪ್ಪ, ಆದರೆ ಅನುಮಂದ್ರದ ತಂತಿಯೂ ಸ್ವಲ್ಪ ಸೊರಗಿದೆ” ಎಂದರು. ಅನುಮಂದ್ರ ಎಂದರೆ ವೀಣೆಯ ಅತಿ ತಗ್ಗಿನ ತಂತಿ. ಅವರು ಹೇಳಿದ್ದು ಸರಿ. ಅಗ್ಗದ ಐಸೊಲೇಟರಿನ ಟ್ರಾನ್ಸ್‌ಫಾರ್ಮರಿಗೆ ಕಬ್ಬಿಣ ಕಡಿಮೆ, ತಗ್ಗಿನ ಸ್ವರಗಳನ್ನು ಅದು ಪೂರ್ತಿ ಹೊರಲಾರದು. ನೂರಾರು ಕಾರುಗಳಿಗೆ ಹಾಕಿದ್ದೆ, ಯಾರೂ ಹೇಳಿರಲಿಲ್ಲ. ಬೆಂಗಳೂರಿನಿಂದ ದೊಡ್ಡ ಟ್ರಾನ್ಸ್‌ಫಾರ್ಮರಿನದನ್ನು ತರಿಸಿದೆ, ಹತ್ತು ದಿನ ಹಿಡಿಯಿತು. ಹನ್ನೊಂದನೆಯ ದಿನ ಬಂದು ಎರಡನ್ನೂ ಅದಲು ಬದಲು ಮಾಡಿಸಿ ಕೇಳಿದರು, ನನಗೂ ಕೇಳಿಸಿದರು. ಎರಡನೆಯದನ್ನು ಹಾಕಿದಾಗ ಬಾಗಿಲಿನ ಸ್ಪೀಕರಿನಿಂದ ಆ ತಂತಿ ತನ್ನ ತೂಕದೊಂದಿಗೆ ಎದ್ದು ಬಂತು. ಹಿಂದೆ ಎರಡು ಕಾರು ಕಾಯುತ್ತಿದ್ದವು. ಮೇಷ್ಟರು ಎಂಜಿನ್ ಆರಿಸಲಿಲ್ಲ, ನಾನೂ ಹೇಳಲಿಲ್ಲ; ಪಾಠ ಮುಗಿಯುವವರೆಗೆ ಬಾಗಿಲ ಬಳಿ ನಿಂತು ಕೇಳಿದೆ.