ರೆಪ್ಪೆ ಒಳಕ್ಕೆ ತಿರುಗಿದ್ರೆ ಬರೀ ಡ್ರಾಪ್ಸ್ ಸಾಲಲ್ಲ

ಮಂಡ್ಯ ಸುತ್ತಮುತ್ತಲ ಹಳ್ಳಿಗಳಿಂದ ಬರೋ ವಯಸ್ಸಾದವರು ಹೇಳೋದು ಹೆಚ್ಚುಕಮ್ಮಿ ಒಂದೇ, "ಕಣ್ಣೊಳಗೆ ಮರಳು ಬಿದ್ದಂಗೆ ಚುಚ್ತದೆ ಡಾಕ್ಟ್ರೇ, ನೀರು ಸೋರೋದು ನಿಲ್ತಾನೇ ಇಲ್ಲ". ಅಷ್ಟೊತ್ತಿಗೆ ಮೆಡಿಕಲ್ ಸ್ಟೋರಿನ ಮೂರ್ನಾಲ್ಕು ಥರದ ಡ್ರಾಪ್ಸ್ ಬಿಟ್ಟು ಆಗಿರತ್ತೆ, ಆದ್ರೆ ಕೆಳರೆಪ್ಪೆನ ಯಾರೂ ಸರಿಯಾಗಿ ನೋಡಿರಲ್ಲ. ಅದು ಒಳಕ್ಕೆ ತಿರುಗ್ಕೊಂಡು ಕೂದಲೆಲ್ಲ ಕಾರ್ನಿಯಾಗೆ, ಅಂದ್ರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ತಾಗಿ, ರೆಪ್ಪೆ ಬಡಿದಾಗೆಲ್ಲ ಉಜ್ತಾ ಇರತ್ತೆ. ಇದೇ ಎಂಟ್ರೋಪಿಯನ್.

ವಯಸ್ಸಾಗ್ತಾ ರೆಪ್ಪೆನ ಎರಡೂ ತುದಿಲಿ ಬಿಗಿಹಿಡಿಯೋ ಕಟ್ಟು ಎಲಾಸ್ಟಿಕ್ ಹೋದಂಗೆ ಸಡಿಲ ಆಗತ್ತೆ, ಕೆಳಕ್ಕೆ ಎಳೆದಿಡೋ ಪದರನೂ ಬಿಟ್ಕೊಳ್ಳತ್ತೆ, ಆಗ ಕಣ್ಣು ಮುಚ್ಚೋ ಸ್ನಾಯು ಮೇಲಕ್ಕೆ ಹತ್ಕೊಂಡು ಅಂಚನ್ನ ಒಳಕ್ಕೆ ತಳ್ಳತ್ತೆ. ಕೆಲವರಿಗೆ ಸುಮ್ನೆ ಕೂತಾಗ ಏನೂ ಕಾಣಲ್ಲ. ಅದಕ್ಕೇ ನಾನು "ಗಟ್ಟಿಯಾಗಿ ಕಣ್ಣು ಮುಚ್ಚಿ ಅಜ್ಜಿ, ಈಗ ಬಿಡಿ" ಅಂತೀನಿ, ಬಿಟ್ಟಾಗ ಕೂದಲಿನ ಸಾಲೇ ಮಾಯ, ಬರೀ ಚರ್ಮ ಕಾಣತ್ತೆ. ಹಳದಿ ಬಣ್ಣದ ಔಷಧಿ ಹಾಕಿ ನೀಲಿ ಲೈಟಲ್ಲಿ ನೋಡಿದ್ರೆ ಕಾರ್ನಿಯಾ ತರಚಿರೋ ಕಡೆಯೆಲ್ಲ ಹಸಿರಾಗಿ ಹೊಳೆಯತ್ತೆ.

ದಯವಿಟ್ಟು ಮನೇಲಿ ಚಿಮಟ ಹಿಡ್ಕೊಂಡು ಕೂದಲು ಕೀಳ್ಬೇಡಿ. ಒಂದೂವರೆ ತಿಂಗಳೊಳಗೆ ಮತ್ತೆ ಬರತ್ತೆ, ಅರ್ಧಕ್ಕೆ ಮುರಿದ್ರೆ ಆ ಮೋಟು ಇನ್ನೂ ಜೋರಾಗಿ ಚುಚ್ಚತ್ತೆ. ನಮ್ ಕಡೆ ಕಬ್ಬಿನ ಗದ್ದೆ ಕೆಲಸ ಬೇರೆ, ಮೊದಲೇ ತರಚಿರೋ ಕಣ್ಣಿಗೆ ಕಬ್ಬಿನ ಗರಿ ತಾಗಿದ್ರೆ ಫಂಗಸ್ ಹತ್ತಿ ಹುಣ್ಣಾಗಬಹುದು, ಆಮೇಲೆ ಬಿಳಿ ಕಲೆ ಉಳಿದು ದೃಷ್ಟಿನೇ ಹೋಗಬಹುದು. ಕೆಂಪು ಇಳಿಯತ್ತೆ ಅಂತ ಕೇಳದೆ ಸ್ಟೀರಾಯ್ಡ್ ಡ್ರಾಪ್ಸ್ ಹಾಕೋದಂತೂ ಬೇಡವೇ ಬೇಡ.

ಆಪರೇಷನ್ ಆಗೋವರೆಗೆ ಕೂದಲಿನ ಸಾಲಿನ ಕೆಳಗೆ ಮೆಡಿಕಲ್ ಟೇಪ್ ಅಂಟಿಸಿ, ರೆಪ್ಪೆ ಹೊರಕ್ಕೆ ಬರೋ ಹಾಗೆ ಎಳೆದು ಕೆನ್ನೆಗೆ ಹಚ್ಚಿ, ಕಣ್ಣು ಒಣಗದ ಹಾಗೆ ಡ್ರಾಪ್ಸ್ ಬಿಟ್ಕೊಳಿ. ಆಪರೇಷನ್ ಅಂದ್ರೆ ಹೆದರ್ತಾರೆ, ಆದ್ರೆ ರೆಪ್ಪೆಗೆ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಹೊರತುದಿ ಬಿಗಿ ಮಾಡಿ, ಬಿಟ್ಟೋದ ಪದರಕ್ಕೆ ಹೊಲಿಗೆ ಹಾಕ್ತೀವಿ, ಸಾಮಾನ್ಯವಾಗಿ ಅವತ್ತೇ ಮನೆಗೆ ಹೋಗಬಹುದು. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸ್ಬೇಡಿ.

ಮೇಲ್ರೆಪ್ಪೆ ತಿರುಗಿದ್ರೆ ಕತೆ ಬೇರೆ, ಒಳಗಡೆ ಗಾಯದ ಕಲೆ ಇರತ್ತೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಟ್ರಕೋಮಾ (ರೆಪ್ಪೆ ಒಳಗೆ ಕಲೆ ಉಳಿಸೋ ಕಣ್ಣಿನ ಸೋಂಕು) ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಅಲ್ಲ ಅಂತ ಘೋಷಿಸ್ತು, ಸಂತೋಷವೇ, ಆದ್ರೆ ಚಿಕ್ಕಂದಿನಲ್ಲಿ ಬಂದಿದ್ದ ಟ್ರಕೋಮಾದ ಕಲೆ ಈಗ್ಲೂ ಕೆಲವು ಹಿರಿಯರ ರೆಪ್ಪೆಯಲ್ಲಿದೆ. ಆಸಿಡ್, ಸುಣ್ಣ ಬಿದ್ದವರಿಗೂ ಹೀಗಾಗತ್ತೆ. ಅಂಥವರಿಗೆ ಕೆಲವು ಸಲ ತುಟಿ ಒಳಗಿನ ಪದರ ತೆಗೆದು ಕಸಿ ಮಾಡ್ಬೇಕಾಗತ್ತೆ.

ಪೊರೆ ಆಪರೇಷನ್‌ಗೆ ಡೇಟ್ ಸಿಕ್ಕಿದೆ, ರೆಪ್ಪೆ ಆಮೇಲೆ ನೋಡೋಣ ಅನ್ನೋರಿಗೆ ನಾನು ಒಪ್ಪಲ್ಲ. ರೆಪ್ಪೆಕೂದಲು ಕಣ್ಣಿಗೆ ಉಜ್ತಿರುವಾಗ ಪೊರೆ ತೆಗೆದ್ರೆ ಇನ್ಫೆಕ್ಷನ್ ಒಳಗೆ ಹೋಗೋ ಅಪಾಯ ಜಾಸ್ತಿ, ಅದಕ್ಕೇ ಮೊದಲು ರೆಪ್ಪೆ, ಅದು ವಾಸಿಯಾದ ಮೇಲೆ ಪೊರೆ.