ಆಂಬುಲೆನ್ಸ್ ಬರುವ ಮುಂಚಿನ ಒಂದು ಗಂಟೆ ಯಾರ ಲೆಕ್ಕಕ್ಕೆ?

ಹೊಸನಗರ ಕಡೆಯ ನೆಂಟರ ತೋಟದಲ್ಲಿ ಅಡಿಕೆ ಕೊಯ್ಲು ನಡೆಯುತ್ತಿತ್ತು. ಕೊನೆಗಾರ ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟುವಾಗ ಜಾರಿ ಬಿದ್ದ. ಪ್ರಜ್ಞೆ ಇತ್ತು, ಮಾತಾಡುತ್ತಿದ್ದ, ಕಾಲು ಮಾತ್ರ ಆಡುತ್ತಿರಲಿಲ್ಲ. ನಾವು ನಾಲ್ಕು ಜನ ಓಡಿಹೋಗಿ ಮೊದಲು ಮಾಡಿದ್ದು ಕಂಬಳಿ ಹಾಸಿದ್ದು. ಎತ್ತಿ ಅದರ ಮೇಲೆ ಹಾಕುವುದೊಂದು ಬಾಕಿ. ಅಷ್ಟರಲ್ಲಿ ಕೆಳಗೆ ಹಗ್ಗ ಹಿಡಿದು ನಿಂತಿದ್ದ ಹುಡುಗ, ‘ಮುಟ್ಟಬೇಡಿ, ಸೊಂಟ ಬಗ್ಗಿಸಬೇಡಿ’ ಎಂದು ಕೂಗಿದ. ಪಂಪ್‌ಶೆಡ್ಡಿನ ಬಾಗಿಲನ್ನು ಕೀಲಿನಿಂದ ಕಳಚಿಸಿ ತರಿಸಿದ. ಬಿದ್ದವನ ತಲೆಯ ಹತ್ತಿರ ಮಂಡಿಯೂರಿ ಕುಳಿತು, ಎರಡೂ ಕೈಗಳಿಂದ ಕಿವಿಯ ಪಕ್ಕ ಹಿಡಿದು, ತಲೆ ಕತ್ತು ಬೆನ್ನು ಒಂದೇ ಗೆರೆಯಲ್ಲಿ ಇರುವಂತೆ ನಮ್ಮಿಂದ ಮಗುಚಿಸಿ ಬಾಗಿಲಿನ ಮೇಲೆ ಮಲಗಿಸಿದ. ಎಲ್ಲಿ ಕಲಿತೆ ಎಂದರೆ, ಎಂದೋ ಗೃಹರಕ್ಷಕ ದಳದಲ್ಲಿದ್ದಾಗ ಕಲಿಸಿದ್ದರಂತೆ. ಆರೋಗ್ಯ ಇಲಾಖೆಗೂ ಅವನ ಕಲಿಕೆಗೂ ಸಂಬಂಧವೇ ಇರಲಿಲ್ಲ.

ಕಂಬಳಿಯ ಜೋಲಿ ಮಲೆನಾಡಿನ ಹಳೆಯ ಆಂಬುಲೆನ್ಸ್. ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ, ಮುಂದೊಬ್ಬ ಹಿಂದೊಬ್ಬ ಹೆಗಲು ಕೊಟ್ಟು, ಕಾಲುಸಂಕ ದಾಟಿಸಿ ಬಸ್ಸಿನ ರಸ್ತೆಯವರೆಗೆ ರೋಗಿಗಳನ್ನು ಹೊತ್ತವರು ಇನ್ನೂ ಊರೂರಲ್ಲಿದ್ದಾರೆ. ಬಸುರಿಯರಿಗೆ, ಜ್ವರದಲ್ಲಿ ಎಚ್ಚರ ತಪ್ಪಿದವರಿಗೆ ಅದು ಒದಗಿದೆ. ಬೆನ್ನುಮೂಳೆ ಮುರಿದವನಿಗೆ ಮಾತ್ರ ಅದರಷ್ಟು ಕೆಟ್ಟ ವಾಹನ ಇನ್ನೊಂದಿಲ್ಲ. ಜೋಲಿಯಲ್ಲಿ ಮೈ ಬಿಲ್ಲಿನ ಹಾಗೆ ಬಾಗಿ, ಮರದಿಂದ ಬಿದ್ದಾಗ ಉಳಿದಿದ್ದ ನರವೂ ದಾರಿಯಲ್ಲಿ ಹೋಗಬಹುದು.

ಹಳ್ಳಿಯವರಿಗೆ ಹಣ ಕೊಟ್ಟು ಕಲಿಸುವ ಯೋಚನೆ ಸರ್ಕಾರಕ್ಕೆ ಹೊಸದಲ್ಲ. 1977ರಲ್ಲಿ ಬಂದ ಕೇಂದ್ರದ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ ಸೂಲಗಿತ್ತಿಯರಿಗೆ 30 ದಿನಗಳ ತರಬೇತಿ, 300 ರೂಪಾಯಿ ಭತ್ಯೆ, ಕೈಗೊಂದು ಹೆರಿಗೆ ಕಿಟ್ ಇತ್ತು. ತರಬೇತಿ ಮುಗಿದ ಮೇಲೆ, ನೋಂದಾಯಿಸಿದ ಹೆರಿಗೆಯೊಂದಕ್ಕೆ 10 ರೂಪಾಯಿ. ಮೊತ್ತ ಕಂಡು ನಗು ಬರಬಹುದು. ಆದರೆ ಕಲಿಯಲು ಕುಳಿತ ದಿನವೂ ಕೂಲಿ ತಪ್ಪಿದ ದಿನವೇ, ಅದಕ್ಕೆ ಬೆಲೆ ಕಟ್ಟಬೇಕು ಎಂಬ ತಿಳಿವಳಿಕೆ ಆ ಲೆಕ್ಕದಲ್ಲಿತ್ತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು. ಜನನಿ ಸುರಕ್ಷಾ ಯೋಜನೆ ಹೆರಿಗೆಯನ್ನು ಆಸ್ಪತ್ರೆಗೆ ಒಯ್ದಿತು, ಆಶಾ ಕಾರ್ಯಕರ್ತೆ ಬಂದಳು, ಸೂಲಗಿತ್ತಿ ಹಿಂದೆ ಸರಿದಳು. ತಾಯಿ ಮಕ್ಕಳ ಮಟ್ಟಿಗೆ ಒಳ್ಳೆಯದೇ ಆಯಿತು. ಆಶಾ ತರಬೇತಿಯ ತೂಕವೆಲ್ಲ ಬಸುರಿ, ಬಾಣಂತಿ, ಹಸುಗೂಸಿನ ಕಡೆಗೆ. ಮರದಿಂದ ಬಿದ್ದವನು, ಹಾವು ಕಚ್ಚಿದವಳು ಅದರ ಅಂಚಿನಲ್ಲಿ ಉಳಿದರು.

ನಮ್ಮ ಶಿವಮೊಗ್ಗ ಜಿಲ್ಲೆಗೆ ಹಣ ಬರುವುದಕ್ಕೆ ಇನ್ನೊಂದು ದಾರಿಯಿದೆ, ಅದು ಸಾವಿನ ದಾರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪುಣೆಯ ವಿಜ್ಞಾನಿಗಳು ಬಂದರು, ಉಣುಗಿನಿಂದ ಹರಡುವ ಹೊಸ ವೈರಾಣುವಿಗೆ ಆ ಊರಿನ ಹೆಸರೇ ಅಂಟಿತು. 2018–19ರ ಬೇಸಗೆಯ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಹಬ್ಬಿದಾಗಲೂ ಅಷ್ಟೆ: ಲಸಿಕೆ, ಮೈಗೆ ಹಚ್ಚುವ ಎಣ್ಣೆ, ರೋಗಿಗಳನ್ನು ಮಣಿಪಾಲಕ್ಕೆ ಸಾಗಿಸುವ ಓಡಾಟ. ಮಳೆ ಬಿದ್ದು ಉಣುಗು ಇಳಿದ ಮೇಲೆ ಗಡಿಬಿಡಿಯೂ ಇಳಿಯುತ್ತದೆ.

2008ರ ನವೆಂಬರ್ 1ರಂದು ರಾಜ್ಯದಲ್ಲಿ ‘ಆರೋಗ್ಯ ಕವಚ’ ಹೆಸರಿನಲ್ಲಿ 108 ಓಡತೊಡಗಿತು. ಇದನ್ನು ಸಣ್ಣದು ಮಾಡಿ ಹೇಳಲಾರೆ. ಫೋನು ಮಾಡಿದರೆ ಪುಕ್ಕಟೆ ಗಾಡಿ, ಅದರೊಳಗೆ ಕಲಿತ ಒಬ್ಬ ತಂತ್ರಜ್ಞ ಬರುತ್ತಾನೆ ಎಂಬುದು ನಮ್ಮ ಹಿರಿಯರಿಗೆ ಕನಸಾಗಿತ್ತು. ಆದರೆ ಹಣದ ಏರ್ಪಾಡು ನೋಡಿ. ಗಾಡಿ ಕೊಳ್ಳಲು ಕೇಂದ್ರ ಕೈತುಂಬ ಕೊಟ್ಟಿತು. ಓಡಿಸುವ ವೆಚ್ಚದಲ್ಲಿ ಅದರ ಪಾಲು ಮೊದಲ ವರ್ಷ ಶೇ 60, ಎರಡನೇ ವರ್ಷ ಶೇ 40, ಆಮೇಲೆ ಶೇ 20 ಎಂದು ಇಳಿಯುವ ಸೂತ್ರ. ಸಂಬಳ, ಡೀಸೆಲ್, ದುರಸ್ತಿ, ತರಬೇತಿ ಎಲ್ಲವೂ ಆ ಇಳಿಯುವ ಕಡೆಯ ಬಾಬತ್ತು. ಡೀಸೆಲ್ ಇಲ್ಲದೆ ಗಾಡಿ ನಿಂತರೆ ಮರುದಿನವೇ ಪತ್ರಿಕೆಯಲ್ಲಿ ಬರುತ್ತದೆ. ಮರುತರಬೇತಿ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಹಸಿರು ನಿಶಾನೆ ತೋರಿಸಿ ಉದ್ಘಾಟಿಸುವುದಕ್ಕೂ ಗಾಡಿಯೇ ಆಗಬೇಕಲ್ಲ!

ಗಾಡಿಗಳ ಹಂಚಿಕೆಯ ಅಳತೆಯೂ ಬಯಲುಸೀಮೆಯದು: ಲಕ್ಷ ಜನಕ್ಕೆ ಒಂದು ಸಾಮಾನ್ಯ ಆಂಬುಲೆನ್ಸ್, ಐದು ಲಕ್ಷಕ್ಕೆ ಒಂದು ಸುಸಜ್ಜಿತ ಆಂಬುಲೆನ್ಸ್. ತಲೆ ಎಣಿಸಿದರೆ ನಮ್ಮ ತಾಲ್ಲೂಕುಗಳ ಲೆಕ್ಕ ಬೇಗ ಮುಗಿಯುತ್ತದೆ. ತಿರುವು, ಹಳ್ಳ, ಒಂಟಿಮನೆಗಳನ್ನು ಎಣಿಸುವ ಅಂಕಣ ಆ ನಮೂನೆಯಲ್ಲಿಲ್ಲ.

ತರಬೇತಿ ಎಂದರೆ ಏನು ಎಂದು ತಿಳಿಯಬೇಕಾದರೆ ಕಟ್ಟುಹಾವಿನ ಕಡಿತ ನೋಡಬೇಕು. ಆಗುಂಬೆಗೆ ಬರುವ ಪ್ರವಾಸಿಗರಿಗೆ ಕಾಳಿಂಗ ಸರ್ಪದ ಭಯ, ಊರಿನವರಿಗೆ ಕೊಳಕುಮಂಡಲ ಮತ್ತು ಕಟ್ಟುಹಾವಿನದು. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ಬಾವು ಬರುವುದಿಲ್ಲ, ನೋವೂ ಅಷ್ಟಾಗಿ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಎತ್ತಲಾಗದು, ನುಂಗಲಾಗದು, ಕೊನೆಗೆ ಉಸಿರಿನ ಸ್ನಾಯು ನಿಲ್ಲುತ್ತದೆ. ಒಮ್ಮೆ ನಿಂತ ಮೇಲೆ ಪ್ರತಿವಿಷ ಕೊಟ್ಟರೂ ಆ ಸ್ನಾಯು ಕೂಡಲೇ ಏಳುವುದಿಲ್ಲ. ವೆಂಟಿಲೇಟರ್ ಇರುವ ಶಿವಮೊಗ್ಗದ ಆಸ್ಪತ್ರೆ ತಲುಪುವವರೆಗೆ ಯಾರಾದರೂ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು ರಬ್ಬರಿನ ಗಾಳಿಚೀಲ ಅದುಮುತ್ತಲೇ ಇರಬೇಕು, ಆರು ಸೆಕೆಂಡಿಗೆ ಒಂದು ಸಲ. ಒಂದೂವರೆ ಗಂಟೆಯ ದಾರಿಗೆ 900 ಸಲ. ಗದ್ದ ಸರಿಯಾಗಿ ಮೇಲೆತ್ತದಿದ್ದರೆ ಗಾಳಿ ಹೊಟ್ಟೆಗೆ ಹೋಗುತ್ತದೆ, ಜೋರಾಗಿ ಅದುಮಿದರೆ ವಾಂತಿ. ತಿರುವಿನಲ್ಲಿ ಗಾಡಿ ವಾಲುವಾಗಲೂ ಕೈ ತಪ್ಪಬಾರದು. ಎರಡು ತಿಂಗಳೊಳಗೆ ಮುಗಿಯುವ ಆರಂಭದ ತರಬೇತಿಯಲ್ಲಿ ಇದನ್ನು ಬೊಂಬೆಯ ಮೇಲೆ ಕಲಿಯಬಹುದು. ಕೈ ಮರೆಯದಿರಲು ಆಗಾಗ ಮತ್ತೆ ಕೂರಬೇಕು.

108 ಬಂದ ಆಮೇಲೆ ಬಂದದ್ದು ಹೆಚ್ಚಾಗಿ ಕಾನೂನು, ಘೋಷಣೆ. 2015ರ ಬೈಕ್ ಆಂಬುಲೆನ್ಸ್‌ಗಳಲ್ಲಿ ಹೆಚ್ಚಿನವು ಬೆಂಗಳೂರಿನ ಟ್ರಾಫಿಕ್ಕಿಗೆ ಹೋದವು. ಅಪಘಾತದಲ್ಲಿ ನೆರವಾದವರನ್ನು ಪೊಲೀಸರ ಕಾಟದಿಂದ ಕಾಯುವ ಕಾನೂನನ್ನು ಕರ್ನಾಟಕ 2016ರಲ್ಲಿ ರೂಪಿಸಿತು, ಅದು ನಿಜಕ್ಕೂ ಬೇಕಿತ್ತು. 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಮರುತಿಂಗಳು ಕೇಂದ್ರ ಸರ್ಕಾರ 2030ರೊಳಗೆ ಹಾವು ಕಡಿತದ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆ ಹೊರಡಿಸಿತು. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಸಂಜೆಯ ಲಾಂಚು ತಪ್ಪಿದರೆ ಬೆಳಗಿನವರೆಗೆ ದಿಗಿಲಿನಲ್ಲಿ ಕೂರುತ್ತಿದ್ದ ತುಮರಿ ಕಡೆಯವರ ಮನೆ ಬಾಗಿಲಿಗೆ ಈಗ ನಡುರಾತ್ರಿಯೂ ಆಂಬುಲೆನ್ಸ್ ಹೋಗಬಹುದು.

ಊರಿನ ಮಟ್ಟದಲ್ಲಿ ಕಲಿಸಲು ಹಣ ಎಲ್ಲಿಂದ? 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದೇ ಐದು ವರ್ಷಕ್ಕೆ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದರ ಬಾಬತ್ತುಗಳು ಉಪಕೇಂದ್ರಗಳ ಕಟ್ಟಡ, ಪರೀಕ್ಷಾ ಸಲಕರಣೆ, ಕ್ಷೇಮ ಕೇಂದ್ರ, ತಾಲ್ಲೂಕು ಮಟ್ಟದ ಘಟಕ. ಕೊನೆಗಾರನಿಗೆ, ಜೀಪಿನ ಚಾಲಕನಿಗೆ, ಸೊಸೈಟಿಯ ಕಾವಲುಗಾರನಿಗೆ ಎರಡು ದಿನ ಕೂಲಿ ಕೊಟ್ಟು ಕಲಿಸುವುದಕ್ಕೆ ಅಲ್ಲಿ ಲೆಕ್ಕಶೀರ್ಷಿಕೆ ಇಲ್ಲ.

ಆ ಕೊನೆಗಾರ ಈಗ ಕೋಲು ಹಿಡಿದು ನಡೆಯುತ್ತಾನೆ, ಮರ ಹತ್ತುವುದಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ನನ್ನ ನೆಂಟರು ಎದ್ದುನಿಂತು, ವರ್ಷಕ್ಕೊಮ್ಮೆ ಕೊಯ್ಲಿಗೆ ಮುಂಚೆ ಇಂಥದ್ದೊಂದು ತರಬೇತಿ ಇಡಿ ಎಂದು ಕೇಳಿದರು. ಯಾರೂ ಬೇಡ ಎನ್ನಲಿಲ್ಲ. ಗುಮಾಸ್ತರು ನಡಾವಳಿಯಲ್ಲಿ ಎಲ್ಲಿ ಬರೆಯುವುದೆಂದು ಸ್ವಲ್ಪ ಹೊತ್ತು ಪುಟ ತಿರುವಿದರು. ರಸ್ತೆ, ಚರಂಡಿ, ಕುಡಿಯುವ ನೀರು, ಬೀದಿದೀಪ ಎಲ್ಲಕ್ಕೂ ಜಾಗವಿತ್ತು. ಕೊನೆಗೆ ‘ಇತರೆ’ ಎಂಬಲ್ಲಿ, ಬೀದಿನಾಯಿ ಹಾವಳಿಯ ಕೆಳಗೆ ಬರೆದುಕೊಂಡರು.